ವಾದ್ಯವೃಂದದ ಅಂಕಿಸಾಲು: ಬಾಡಿಗೆ ಕ್ಯಾಟಲಾಗುಗಳ ಒಂದು ಪರಾಮರ್ಶೆ

ಸಿಂಫನಿ ಕೃತಿಗಳ ಸ್ವರಪ್ರತಿಗಳನ್ನು ಬಾಡಿಗೆಗೆ ಕೊಡುವ ಪ್ರಕಾಶಕರ ಕ್ಯಾಟಲಾಗುಗಳಲ್ಲಿ ಪ್ರತಿಯೊಂದು ಕೃತಿಯ ಹೆಸರಿನ ಕೆಳಗೆ ಅಂಕಿಗಳ ಒಂದು ಸಾಲು ಇರುತ್ತದೆ. ಕಾರ್ಯಕ್ರಮವನ್ನು ಗೊತ್ತುಮಾಡುವವರು, ವಾದಕರನ್ನು ಕರೆಸುವವರು ಮತ್ತು ಬಿಡಿ ಪ್ರತಿಗಳನ್ನು ಹಂಚುವ ಗ್ರಂಥಪಾಲಕರು ಮೊದಲು ನೋಡುವುದು ಆ ಸಾಲನ್ನೇ. ಆದ್ದರಿಂದ ಕ್ಯಾಟಲಾಗಿನ ಯೋಗ್ಯತೆಯನ್ನು ನಾನು ಅಳೆಯುವುದೂ ಅದರಿಂದಲೇ.

‘2.2.2.2 – 4.2.3.1 – ಟಿಂಪನಿ+2 – ಹಾರ್ಪ್ – ತಂತಿ’ ಎಂಬ ಸಾಲಿನ ಮೊದಲ ನಾಲ್ಕು ಅಂಕಿಗಳು ಕ್ರಮವಾಗಿ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್ ಎಂಬ ಮರದ ಊದುವಾದ್ಯಗಳಿಗೆ ಸೇರಿದವು. ನಂತರದ ನಾಲ್ಕು ಹಾರ್ನ್, ಟ್ರಂಪೆಟ್, ಟ್ರಾಂಬೋನ್, ಟ್ಯೂಬಾ ಎಂಬ ಹಿತ್ತಾಳೆ ವಾದ್ಯಗಳಿಗೆ. ಸ್ಥಾನ ಖಚಿತವಾಗಿರುವುದರಿಂದ ವಾದ್ಯದ ಹೆಸರನ್ನು ಬರೆಯಬೇಕಾಗಿಯೇ ಇಲ್ಲ, ಇಲ್ಲದ ವಾದ್ಯಕ್ಕೆ ಸೊನ್ನೆ ಹಾಕಿದರೆ ಸಾಕು. ಮೊಜಾರ್ಟ್ 1788ರಲ್ಲಿ ರಚಿಸಿದ 40ನೇ ಸಿಂಫನಿಯ ಮೊದಲ ರೂಪ ‘1.2.0.2 – 2.0.0.0’, ಆತನೇ ಬಳಿಕ ಕ್ಲಾರಿನೆಟ್‌ಗಳನ್ನು ಸೇರಿಸಿ ಓಬೋ ಭಾಗಗಳನ್ನು ತಿದ್ದಿದ್ದರಿಂದ ಎರಡನೆಯ ರೂಪದಲ್ಲಿ ಆ ಸೊನ್ನೆಯ ಜಾಗಕ್ಕೆ 2 ಬರುತ್ತದೆ. ಒಳ್ಳೆಯ ಕ್ಯಾಟಲಾಗು ಎರಡೂ ರೂಪಗಳಿಗೆ ಬೇರೆ ಬೇರೆ ಸಾಲು ಕೊಡುತ್ತದೆ.

ಕ್ಯಾಟಲಾಗುಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು, ಒಬ್ಬನೇ ವಾದಕ ಎರಡು ವಾದ್ಯಗಳನ್ನು ನುಡಿಸಬೇಕಾದ ಕಡೆ. 1808ರಲ್ಲಿ ಮೊದಲು ಕೇಳಿಬಂದ ಬೀಥೋವನ್‌ನ 5ನೇ ಸಿಂಫನಿಯಲ್ಲಿ ಫ್ಲೂಟಿನ ಅಂಕಿ 3: ಇಬ್ಬರು ಫ್ಲೂಟ್ ವಾದಕರು, ಅವರಲ್ಲದೆ ಕೊನೆಯ ಭಾಗಕ್ಕೆ ಮಾತ್ರ ಬೇಕಾಗುವ ಪಿಕೊಲೊ (ಚಿಕ್ಕ ಫ್ಲೂಟ್) ವಾದಕ. 1893ರ ದ್ವೊರ್ಝಾಕ್‌ನ 9ನೇ ಸಿಂಫನಿಯಲ್ಲಿ ಅಂಕಿ 2 ಮಾತ್ರ. ಆದರೆ ಎರಡನೆಯ ಫ್ಲೂಟ್ ವಾದಕನೇ ಪಿಕೊಲೊವನ್ನೂ, ಎರಡನೆಯ ಓಬೋ ವಾದಕನೇ ಓಬೋ ಜಾತಿಯದೇ ಆದ ಇಂಗ್ಲಿಷ್ ಹಾರ್ನನ್ನೂ ಎತ್ತಿಕೊಳ್ಳಬೇಕು. ಮೊದಲನೆಯದನ್ನು ‘3[1.2.ಪಿಕೊಲೊ]’ ಎಂದೂ ಎರಡನೆಯದನ್ನು ‘2[1.2/ಪಿಕೊಲೊ]’ ಎಂದೂ ಬರೆಯುವ ಪದ್ಧತಿ ನನಗೆ ಅತ್ಯಂತ ಮೆಚ್ಚುಗೆಯಾದುದು, ಚುಕ್ಕೆಯಿದ್ದರೆ ಬೇರೆ ವಾದಕ, ಓರೆಗೆರೆಯಿದ್ದರೆ ಅದೇ ವಾದಕ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಆವರಣದಲ್ಲಿ ‘ಮೂರನೆಯವರು = ಪಿಕೊಲೊ’ ಎಂದು ಸೂಚಿಸುವ ಪದ್ಧತಿಯೂ ಅಷ್ಟೇ ಸ್ಪಷ್ಟ. ಅಂಕಿಯ ಪಕ್ಕದಲ್ಲಿ ಬರೀ ನಕ್ಷತ್ರ ಚಿಹ್ನೆ ಇಡುವ ಕ್ಯಾಟಲಾಗುಗಳು ಏನೋ ವಿಶೇಷವಿದೆ ಎಂದಷ್ಟೇ ಹೇಳಿ, ಯಾರ ಪಾಲಿಗೆ ಎಂಬುದನ್ನು ಬಿಟ್ಟುಬಿಡುತ್ತವೆ. ಏನನ್ನೂ ಸೂಚಿಸದೆ ‘2.2.2.2’ ಎಂದು ಮುಗಿಸುವುದಂತೂ ಸೇವೆಯಲ್ಲಿನ ಲೋಪವೇ ಸರಿ, ಏಕೆಂದರೆ ಆ ಸಾಲನ್ನು ನಂಬಿ ಕರೆಸಿದ ಎರಡನೆಯ ಓಬೋ ವಾದಕನ ಬಳಿ ಇಂಗ್ಲಿಷ್ ಹಾರ್ನ್ ಇಲ್ಲದಿದ್ದರೆ ದ್ವೊರ್ಝಾಕ್‌ನ ಕೃತಿಯ ಲಾರ್ಗೊ ಎಂಬ ನಿಧಾನಗತಿಯ ಎರಡನೆಯ ಭಾಗದ ಆ ಪ್ರಸಿದ್ಧ ರಾಗವನ್ನು ನುಡಿಸುವವರೇ ಇರುವುದಿಲ್ಲ.

ಹಿತ್ತಾಳೆ ವಾದ್ಯಗಳಲ್ಲೂ ಇಂಥ ವಿವರ ಬೇಕಾಗುತ್ತದೆ. 1830ರ ಬೆರ್ಲಿಯೋಜ್‌ನ ‘ಸಿಂಫೊನಿ ಫಾಂಟಾಸ್ಟಿಕ್’ನ ‘4.4.3.2’ರಲ್ಲಿ ಎರಡನೆಯ 4 ಎಂದರೆ ಎರಡು ಟ್ರಂಪೆಟ್ ಮತ್ತು ಎರಡು ಕಾರ್ನೆಟ್. ಕೊನೆಯ 2 ಮೂಲದಲ್ಲಿ ಆಫಿಕ್ಲೈಡ್ ಎಂಬ ಹಳೆಯ ಹಿತ್ತಾಳೆ ವಾದ್ಯಗಳಿಗೆ ಸೇರಿದ್ದು, ಇಂದು ಅವನ್ನು ಸಾಮಾನ್ಯವಾಗಿ ಟ್ಯೂಬಾಗಳಲ್ಲಿ ನುಡಿಸುತ್ತಾರೆ.

ತಾಳವಾದ್ಯಗಳ ವಿಷಯದಲ್ಲಿ ಯಾವ ಕ್ಯಾಟಲಾಗೂ ನನಗೆ ಪೂರ್ಣ ತೃಪ್ತಿ ಕೊಟ್ಟಿಲ್ಲ. ‘ಟಿಂಪನಿ+2’ (ಟಿಂಪನಿ ಎಂಬ ದೊಡ್ಡ ನಗಾರಿಗಳ ವಾದಕನಲ್ಲದೆ ಇನ್ನಿಬ್ಬರು) ಎಂಬುದು ತಲೆಗಳ ಎಣಿಕೆ, ವಾದ್ಯಗಳ ಪಟ್ಟಿಯಲ್ಲ. ದ್ವೊರ್ಝಾಕ್‌ನ ಅದೇ ಕೃತಿಯಲ್ಲಿ ಟ್ರಯಾಂಗಲ್ ಮೂರನೆಯ ಭಾಗದಲ್ಲಿ ಬರುತ್ತದೆ, ತಾಳಗಳ (ಸಿಂಬಲ್) ಒಂದೇ ಒಂದು ಹೊಡೆತ ನಾಲ್ಕನೆಯ ಭಾಗದಲ್ಲಿದೆ. ಒಬ್ಬರೇ ಎರಡನ್ನೂ ನಿಭಾಯಿಸಬಹುದು. ವಾದ್ಯಗಳ ಹೆಸರನ್ನೂ ಜೊತೆಗೆ ಕೊಡುವ ಕ್ಯಾಟಲಾಗಿನಿಂದ ಮಾತ್ರ ಇದನ್ನು ಊಹಿಸಲು ಸಾಧ್ಯ. ಟ್ಯೂಬಾ ಲಾರ್ಗೊದಲ್ಲಿ ಮಾತ್ರ ಕೆಲವೇ ಸ್ವರಗಳನ್ನು ನುಡಿಸುತ್ತದೆ ಎಂಬುದನ್ನು ‘1’ ಎಂಬ ಅಂಕಿ ಹೇಳಲಾರದು. ಇದು ಈ ಸಾಲಿನ ಸಹಜ ಮಿತಿ. ಅದಕ್ಕಾಗಿ ಪ್ರಕಾಶಕರನ್ನು ದೂರುವಂತಿಲ್ಲ, ಎಲ್ಲ ವಾದ್ಯಗಳ ಭಾಗಗಳೂ ಒಟ್ಟಿಗಿರುವ ಸ್ಕೋರನ್ನೇ ತೆರೆದು ನೋಡಬೇಕು.

ಕೊನೆಯ ‘ತಂತಿ’ ಎಂಬ ಒಂದೇ ಪದವನ್ನು ಹಲವರು ಹಾಗೆಯೇ ಬಿಡುತ್ತಾರೆ. ‘14.12.10.8.6’ ಎಂದು ಮೊದಲ ಪಿಟೀಲಿನಿಂದ ಡಬಲ್ ಬಾಸ್‌ವರೆಗೆ ವಾದಕರ ಸಂಖ್ಯೆ ಕೊಟ್ಟರೆ, ಇಬ್ಬರಿಗೆ ಒಂದು ಪ್ರತಿಯಂತೆ ‘7.6.5.4.3’ ಪ್ರತಿಗಳನ್ನು ತರಿಸಿಕೊಳ್ಳಬಹುದು. ಅಂಕಿಗಳು ವಾದಕರನ್ನು ಎಣಿಸುತ್ತವೆಯೋ ಇಬ್ಬರು ಹಂಚಿಕೊಳ್ಳುವ ಸ್ಟ್ಯಾಂಡುಗಳನ್ನೋ ಎಂಬುದನ್ನು ಕ್ಯಾಟಲಾಗು ಸ್ಪಷ್ಟಪಡಿಸದಿದ್ದರೆ, ಬಾಡಿಗೆಯ ಅರ್ಜಿ ಕಳಿಸುವ ಮುನ್ನವೇ ಕೇಳಿ ಖಚಿತಪಡಿಸಿಕೊಳ್ಳಿ.