ದಯೆಯ ಅಭ್ಯಾಸಕ್ಕೊಂದು ದಿನಚರಿ: ಬಳಸಿ ನೋಡಿದವರ ಅಭಿಪ್ರಾಯ

ಕ್ರೈಸ್ತ ವಿಶ್ವಾಸಿಗಳು ದಯೆಯನ್ನು ನಿತ್ಯದ ರೂಢಿಯಾಗಿಸಿಕೊಳ್ಳಲೆಂದು ರೂಪಿಸಿರುವ, ತಾರೀಖು ನಮೂದಿಸದ ಈ ದಿನಚರಿಯನ್ನು ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. ಎಡಪುಟದಲ್ಲಿ ಬೈಬಲಿನ ಒಂದು ವಚನ, ಬಲಪುಟದಲ್ಲಿ ಒಂದು ಪ್ರಶ್ನೆ ಮತ್ತು ಬರೆಯಲು ಜಾಗ, ಇಷ್ಟೇ ಇದರ ವಿನ್ಯಾಸ.

ಇಂಥ ಪುಸ್ತಕಗಳು ಸಾಮಾನ್ಯವಾಗಿ ಇಂದು ಅಪರಿಚಿತರಿಗೆ ನೆರವಾಗಿ, ನಾಳೆ ಯಾರನ್ನಾದರೂ ಮೆಚ್ಚಿ ಮಾತಾಡಿ ಎಂದು ದಿನಕ್ಕೊಂದು ಹೊಸ ಸತ್ಕಾರ್ಯವನ್ನು ಸೂಚಿಸುತ್ತಾ ಸಾಗುತ್ತವೆ. ಇದು ಹಾಗಲ್ಲ. ನಮ್ಮ ಒಳ್ಳೆಯತನಕ್ಕೆ ಎಂದೂ ಸ್ಪಂದಿಸದ ಒಬ್ಬರ ಹೆಸರನ್ನು ಆರಂಭದಲ್ಲೇ ಬರೆಯಿಸಿ, ಒಂದು ವಾರದ ಪುಟಗಳು ಮುಗಿಯುತ್ತಿದ್ದಂತೆ ‘ಅವರಿಗೇ, ಮತ್ತೊಮ್ಮೆ’ ಎಂಬ ಎರಡೇ ಪದಗಳ ಪುಟವನ್ನು ಮುಂದಿಡುತ್ತದೆ. ನಾನು ಬರೆದದ್ದು ನಮಸ್ಕಾರ ಹೇಳಿದರೂ ತಲೆಯೆತ್ತದ ಸಹೋದ್ಯೋಗಿಯೊಬ್ಬರ ಹೆಸರನ್ನು. ಅವರು ಈಗಲೂ ತಲೆಯೆತ್ತುವುದಿಲ್ಲ. ಎತ್ತುತ್ತಾರೆಂಬ ಭರವಸೆಯನ್ನು ಪುಸ್ತಕವೂ ಕೊಡುವುದಿಲ್ಲ. ಎದುರು ಪುಟದಲ್ಲಿರುವುದು ಲೂಕ 6:35, ಅಂದರೆ ದೇವರು ಉಪಕಾರ ನೆನೆಯದವರಿಗೂ ಕೆಟ್ಟವರಿಗೂ ದಯೆ ತೋರುವವನೆಂಬ ಮಾತು.

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮ್ಯದ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯ, ಪುಟಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ್ದನ್ನು ಎಲ್ಲರೂ ಬಲ್ಲರು. ಇಲ್ಲಿನ ಪ್ರಶ್ನೆಯೋ ಮರುದಿನ ಅವನು ಛತ್ರದವನ ಕೈಗಿತ್ತ ಎರಡು ಬೆಳ್ಳಿ ನಾಣ್ಯಗಳನ್ನೂ, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂಬ ಮಾತನ್ನೂ ಕುರಿತದ್ದು: ‘ನೀವು ಯಾರ ಬಳಿಗೆ ಹಿಂದಿರುಗಬೇಕಾಗಿದೆ?’ ನೆರವನ್ನು ಒಮ್ಮೆಗೆ ಮುಗಿಸಿ ಕೈತೊಳೆದುಕೊಳ್ಳುವ ಅಭ್ಯಾಸಕ್ಕೆ ಇದಕ್ಕಿಂತ ನೇರವಾದ ಪ್ರಶ್ನೆ ಬೇಕಿಲ್ಲ.

ಕೊರತೆಗಳೂ ಇವೆ. ಪ್ರತಿ ಭಾಗದ ಕೊನೆಗೆ ಮಾಡಿದ ಉಪಕಾರಗಳಿಗೆ ಅಂಕ ಹಾಕಿಕೊಳ್ಳುವ ಪಟ್ಟಿಯೊಂದಿದೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎನ್ನುವ ಮತ್ತಾಯ 6:3ನ್ನು ಮೊದಲ ಭಾಗದಲ್ಲಿ ಉದ್ಧರಿಸಿ, ಆಮೇಲೆ ಲೆಕ್ಕ ಬರೆಯಿಸುವುದು ವಿಚಿತ್ರ. ಗಲಾತ್ಯ 5:22ರಲ್ಲಿ ಪೌಲನು ದಯೆಯನ್ನು ಪವಿತ್ರಾತ್ಮನ ಫಲವೆಂದಿದ್ದಾನೆ. ಫಲಕ್ಕೆ ಅಂಕಪಟ್ಟಿ ಏಕೆಂದು ಸಂಪಾದಕರೇ ಹೇಳಬೇಕು. ಇನ್ನು, ನಮ್ಮ ಸೌಜನ್ಯವನ್ನೇ ದುರುಪಯೋಗಪಡಿಸಿಕೊಳ್ಳುವವರಿಗೆ ದಯೆ ಬಿಡದೆ ‘ಆಗದು’ ಎನ್ನುವುದು ಹೇಗೆಂಬ ವಿಷಯಕ್ಕೆ ಸಿಕ್ಕಿರುವುದು ಅರ್ಧ ಪುಟ ಮಾತ್ರ. ದಣಿದ ಓದುಗರಿಗೆ ಅದೇ ಹೆಚ್ಚು ಬೇಕಾಗಿತ್ತು.

ಕಾಗದ ತೆಳುವಾದ್ದರಿಂದ ಶಾಯಿ ಹಿಂಬದಿಗೆ ಇಳಿಯುತ್ತದೆ, ಬಾಲ್‌ಪೆನ್ನೇ ವಾಸಿ. ಸಭೆಯ ಗುಂಪಿನಲ್ಲಿ ಬಳಸುವವರು ಹೆಸರು ಬರೆಯುವ ಪುಟಗಳನ್ನು ಪರಸ್ಪರ ತೋರಿಸದಿರುವುದು ಒಳ್ಳೆಯದು. ಹೊಲಿಗೆ ಗಟ್ಟಿಯಾಗಿದೆ, ಅಂಕಪಟ್ಟಿಯ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದರೂ ಉಳಿದವು ಸಡಿಲವಾಗಲಿಲ್ಲ.