ಹಳೆಯ ಮನೆಯ ಅಟ್ಟಕ್ಕೆ ಊದಿಸಿದ ಸೆಲ್ಯುಲೋಸ್: ಮಿನಿಯಾಪೊಲಿಸ್‌ನಲ್ಲಿ ಒಂದು ಚಳಿಗಾಲದ ನಂತರದ ವಿಮರ್ಶೆ

ಅಮೆರಿಕದ ಮಿನಿಯಾಪೊಲಿಸ್ ನಗರದ ದಕ್ಷಿಣ ಭಾಗದಲ್ಲಿ 1920ರ ದಶಕದ ಒಂದೂವರೆ ಅಂತಸ್ತಿನ ಮರದ ಮನೆಗಳು ಬೀದಿಬೀದಿಗೂ ಕಾಣಸಿಗುತ್ತವೆ. ನಾವು ವಾಸವಾಗಿರುವುದೂ ಅಂಥದೇ ಒಂದು ಮನೆಯಲ್ಲಿ. 2025ರ ಅಕ್ಟೋಬರ್‌ನಲ್ಲಿ ಸ್ಥಳೀಯ ಗುತ್ತಿಗೆದಾರರೊಬ್ಬರಿಂದ ಅದರ ಅಟ್ಟಕ್ಕೆ ಸೆಲ್ಯುಲೋಸ್ ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಹೊದಿಕೆ) ಊದಿಸಿದೆವು. ಚಳಿಗಾಲ ಪೂರ್ತಿ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಾಮಗ್ರಿ ನನಗೆ ಪೂರ್ಣ ತೃಪ್ತಿ ಕೊಟ್ಟಿದೆ, ಕೆಲಸವೂ ಬಹುಮಟ್ಟಿಗೆ ತೃಪ್ತಿ ಕೊಟ್ಟಿದೆ. ಆದರೆ ನಾವು ಕೊಟ್ಟ ಹಣಕ್ಕೆ ನಿಜವಾದ ಪ್ರತಿಫಲ ದೊರೆತದ್ದು ಊದುವ ಯಂತ್ರ ಮನೆ ಮುಂದೆ ಬಂದು ನಿಲ್ಲುವ ಮೊದಲು ನಡೆದ, ಗಾಳಿ ಸೋರುವ ತೂತುಗಳನ್ನು ಮುಚ್ಚುವ ಕೆಲಸದಿಂದ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಬೆಲೆ ಕೇಳಿದಾಗ ಹೆಚ್ಚಿನ ಗುತ್ತಿಗೆದಾರರು ಮೊದಲು ಕೈಬಿಡುವುದು ಆ ಕೆಲಸವನ್ನೇ.

ಚಳಿಗಾಲದಲ್ಲಿ ಈ ಊರಿನ ಹಳೆಯ ಮನೆಗಳ ಸೂರಿನ ಅಂಚಿನಲ್ಲಿ ಮಂಜುಗಡ್ಡೆಯ ಗೋಡೆಯೊಂದು ಬೆಳೆಯುತ್ತದೆ. ಇಲ್ಲಿನವರು ಅದನ್ನು ಐಸ್ ಡ್ಯಾಮ್ ಎನ್ನುತ್ತಾರೆ. ಮನೆಯೊಳಗಿನ ಬಿಸಿ ಗಾಳಿ ಅಟ್ಟಕ್ಕೆ ಸೋರಿ ಮಾಡಿನ ಹಲಗೆಯನ್ನು ಕೆಳಗಿನಿಂದ ಬಿಸಿ ಮಾಡುತ್ತದೆ, ಮೇಲಿನ ಹಿಮ ಕರಗಿ ನೀರಾಗಿ ಇಳಿಯುತ್ತದೆ, ಗೋಡೆಯಿಂದಾಚೆ ಚಾಚಿರುವ ತಣ್ಣನೆಯ ಸೂರಿಗೆ ಬಂದೊಡನೆ ಮತ್ತೆ ಹೆಪ್ಪುಗಟ್ಟುತ್ತದೆ. ಹಿಂದಿನಿಂದ ಬರುವ ನೀರಿಗೆ ದಾರಿಯಿಲ್ಲದೆ ಅದು ಮಾಡಿನ ಹೊದಿಕೆಯ ಅಡಿಗೆ ನುಗ್ಗಿ ಒಳಗಿನ ಗೋಡೆಯಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಸೂರಿಗೆ ವಿದ್ಯುತ್ ತಂತಿ ಸುತ್ತಿ ಬಿಸಿ ಮಾಡುವುದು, ಗಡ್ಡೆಯನ್ನು ಹಬೆಯಿಂದ ಕರಗಿಸುವುದು ಇವೆಲ್ಲ ಆ ವರ್ಷದ ಮಟ್ಟಿಗಿನ ಉಪಾಯಗಳು. ಮಾಡು ತಣ್ಣಗೆ ಉಳಿಯಬೇಕಾದರೆ ಮನೆಯ ಶಾಖ ಅಟ್ಟದ ನೆಲದಲ್ಲೇ ತಡೆಯಲ್ಪಡಬೇಕು.

ಊದಿ ತುಂಬುವ ಸಾಮಗ್ರಿಗಳಲ್ಲಿ ಇಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು: ಫೈಬರ್‌ಗ್ಲಾಸ್ ಮತ್ತು ಸೆಲ್ಯುಲೋಸ್. ಸೆಲ್ಯುಲೋಸ್ ಎಂದರೆ ಬಹುಪಾಲು ಹಳೆಯ ಪತ್ರಿಕೆಗಳ ಕಾಗದವನ್ನು ನಾರಾಗಿ ಸೀಳಿ, ಬೆಂಕಿ ಹಿಡಿಯದಂತೆ ಬೋರೇಟ್ ಲವಣ ಬೆರೆಸಿದ ಬೂದು ಬಣ್ಣದ ಪದಾರ್ಥ. ಶಾಖವನ್ನು ತಡೆಯುವ ಶಕ್ತಿಯನ್ನು ಅಳೆಯುವ ಆರ್-ಮೌಲ್ಯ ಇದರಲ್ಲಿ ಅಂಗುಲಕ್ಕೆ ಸುಮಾರು 3.5ರಷ್ಟಿದ್ದರೆ, ಸಡಿಲ ಫೈಬರ್‌ಗ್ಲಾಸ್‌ನಲ್ಲಿ ಸುಮಾರು 2.5ರಷ್ಟು ಇರುತ್ತದೆ. ಏನೂ ಇಲ್ಲದ ಅಟ್ಟಕ್ಕೆ ಇಂಥ ಶೀತ ವಲಯದಲ್ಲಿ ಆರ್-60 ಇರಬೇಕೆಂಬುದು ಅಮೆರಿಕ ಸರ್ಕಾರದ ಶಿಫಾರಸು. ಸೆಲ್ಯುಲೋಸ್‌ನಲ್ಲಿ ಅದಕ್ಕೆ ಸುಮಾರು 17 ಅಂಗುಲ ದಪ್ಪ ಬೇಕು. ಕಡಿಮೆ ಸಾಂದ್ರತೆಯ ಫೈಬರ್‌ಗ್ಲಾಸ್‌ನ ಒಳಗೇ ತೀವ್ರ ಚಳಿಯಲ್ಲಿ ಗಾಳಿ ಸುತ್ತಾಡತೊಡಗಿ ಅದರ ತಡೆಶಕ್ತಿ ಅರ್ಧದವರೆಗೂ ಕುಸಿಯಬಲ್ಲದೆಂದು ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಪರೀಕ್ಷೆಗಳು 1990ರ ದಶಕದ ಆರಂಭದಲ್ಲಿಯೇ ತೋರಿಸಿದ್ದವು. ಆ ಬಳಿಕ ಬಂದ ಫೈಬರ್‌ಗ್ಲಾಸ್‌ಗಳು ಸುಧಾರಿಸಿವೆ. ಆದರೂ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಅಪರೂಪವಲ್ಲದ ಊರಿನಲ್ಲಿ ದಟ್ಟವಾಗಿ ಕೂರುವ ಸೆಲ್ಯುಲೋಸೇ ನನಗೆ ಸರಿಯೆನಿಸಿತು.

ಗುತ್ತಿಗೆದಾರರನ್ನು ಕರೆಯುವ ಮೊದಲು, ಮನೆಗಳ ಇಂಧನ ಬಳಕೆಯನ್ನು ತಪಾಸಣೆ ಮಾಡುವ ಹೋಮ್ ಎನರ್ಜಿ ಸ್ಕ್ವಾಡ್‌ನವರನ್ನು ಕರೆಸಿದ್ದು ಬಹಳ ಉಪಯೋಗಕ್ಕೆ ಬಂತು. ಅವರು ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯೊಳಗಿನ ಗಾಳಿಯ ಒತ್ತಡವನ್ನು 50 ಪ್ಯಾಸ್ಕಲ್‌ನಷ್ಟು ಇಳಿಸಿ, ಎಷ್ಟು ಗಾಳಿ ಸೋರುತ್ತಿದೆಯೆಂದು ಅಳೆಯುತ್ತಾರೆ. ಇದಕ್ಕೆ ಬ್ಲೋವರ್ ಡೋರ್ ಪರೀಕ್ಷೆ ಎಂದು ಹೆಸರು. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಈ ಅಳತೆ ಇಲ್ಲದಿದ್ದರೆ ಗುತ್ತಿಗೆದಾರರ ಮಾತನ್ನು ನಂಬುವುದೊಂದೇ ದಾರಿ.

ಹಳೆಯ ಮನೆಗಳಲ್ಲಿ ಇನ್ನೆರಡು ತಪಾಸಣೆಗಳನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಮೊದಲನೆಯದು ಪಿಂಗಾಣಿ ಗುಬಟುಗಳ ಮೇಲೆ ಬಿಡಿಬಿಡಿಯಾಗಿ ಓಡುವ ನಾಬ್ ಅಂಡ್ ಟ್ಯೂಬ್ ವೈರಿಂಗ್. ಆ ತಂತಿಗಳ ಬಿಸಿ ಸುತ್ತಲಿನ ಗಾಳಿಗೆ ಆರಿಹೋಗಬೇಕು. ಇನ್ಸುಲೇಷನ್‌ನಲ್ಲಿ ಹೂತುಹೋದರೆ ಬೆಂಕಿಯ ಅಪಾಯವಿದೆ. ಎರಡನೆಯದು ವರ್ಮಿಕ್ಯುಲೈಟ್, ಅಂದರೆ ಅಟ್ಟದ ತೊಲೆಗಳ ನಡುವೆ ಸುರಿದಿರುವ ಹೊಳೆಯುವ ಹರಳುಗಳು. 1919ರಿಂದ 1990ರವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನಲ್ಲಿ ಶೇ. 70ಕ್ಕೂ ಹೆಚ್ಚು ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯಿಂದ ಬಂದದ್ದು, ಮತ್ತು ಆ ಗಣಿಯ ಅದಿರಿನಲ್ಲಿ ಕಲ್ನಾರು ಬೆರೆತಿತ್ತು. ಅಂಥ ಹರಳು ಕಂಡರೆ ಅದನ್ನು ಕೈಯಿಂದ ಮುಟ್ಟದೆ, ಅಟ್ಟದಲ್ಲಿ ಓಡಾಡದೆ, ಕಲ್ನಾರು ತೆಗೆಯಲು ಪರವಾನಗಿ ಉಳ್ಳವರನ್ನೇ ಕರೆಸಬೇಕು. ನಮ್ಮ ಅಟ್ಟದಲ್ಲಿ ಎರಡೂ ಇರಲಿಲ್ಲ. ಇದ್ದಿದ್ದರೆ ಖರ್ಚಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಮೊದಲ ದಿನ ಇಡೀ ಕೆಲಸಗಾರರು ಅಟ್ಟದಲ್ಲಿ ಮಂಡಿಯೂರಿ ತೂತುಗಳನ್ನು ಮುಚ್ಚಿದರು. ಇದೇ ನಾನು ಮೊದಲು ಹೇಳಿದ ಕೆಲಸ. ಸಡಿಲ ಸೆಲ್ಯುಲೋಸ್ ಶಾಖವನ್ನು ತಡೆಯುತ್ತದೆಯೇ ಹೊರತು ಸೋರುವ ಗಾಳಿಯನ್ನು ಪೂರ್ತಿ ತಡೆಯಲಾರದು. ಕಿಟಕಿ ತೆರೆದಿಟ್ಟು ಕಂಬಳಿ ಹೊದ್ದು ಮಲಗಿದರೆ ಆಗುವಂತೆಯೇ ಇಲ್ಲಿಯೂ ಆಗುತ್ತದೆ. ನೀರು ಹೋಗುವ ಕೊಳವೆ ಮಾಡಿನತ್ತ ಏರುವ ಜಾಗ, ಒಳಗೋಡೆಗಳ ನೆತ್ತಿ, ದೀಪದ ಪೆಟ್ಟಿಗೆಗಳು, ತಂತಿಗಾಗಿ ಕೊರೆದ ರಂಧ್ರಗಳು ಇವೆಲ್ಲಕ್ಕೂ ಫೋಮ್ ಹಾಕಿದರು. ಇಟ್ಟಿಗೆಯ ಚಿಮಣಿಯ ಸುತ್ತ ಮಾತ್ರ ಫೋಮ್ ಸಲ್ಲದು; ಅಲ್ಲಿ ತಗಡಿನ ಪಟ್ಟಿ ಹೊಡೆದು ಶಾಖ ತಾಳುವ ಸೀಲಂಟ್ ಬಳಿಯಬೇಕು. ಸೆಲ್ಯುಲೋಸ್ ಚಿಮಣಿಗೆ ತಾಗದಂತೆ ತಗಡಿನ ತಡೆಗೋಡೆಯೂ ಬೇಕು. ಇದನ್ನು ಅವರು ಕೇಳುವ ಮೊದಲೇ ಮಾಡಿದ್ದನ್ನು ನೋಡಿ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಒಂದೂವರೆ ಅಂತಸ್ತಿನ ಮನೆಗಳಲ್ಲಿ ಇದಕ್ಕಿಂತ ದೊಡ್ಡದಾದ ಸೋರಿಕೆ ಇನ್ನೊಂದಿದೆ. ಮೇಲಿನ ಮಲಗುವ ಕೋಣೆಯ ಎರಡೂ ಪಕ್ಕದ ಗಿಡ್ಡ ಗೋಡೆಗಳ ಹಿಂದೆ ತ್ರಿಕೋನಾಕಾರದ ಅಟ್ಟಗಳಿರುತ್ತವೆ, ಮತ್ತು ಕೋಣೆಯ ನೆಲದ ತೊಲೆಗಳು ಆ ಗೋಡೆಯ ಅಡಿಯಿಂದಲೇ ಅಟ್ಟದೊಳಕ್ಕೆ ಚಾಚಿಕೊಂಡಿರುತ್ತವೆ. ತೊಲೆಗಳ ನಡುವಿನ ಆ ಬಾಯಿಗಳು ತೆರೆದಿದ್ದರೆ ಕೋಣೆಯ ನೆಲದಡಿಯಲ್ಲಿ ಹೊರಗಿನ ಚಳಿಗಾಳಿಯೇ ಓಡಾಡುತ್ತದೆ. ಗೋಡೆಯ ಹಿಂದೆ ಎಷ್ಟು ಸೆಲ್ಯುಲೋಸ್ ಸುರಿದರೂ ಕಾಲಡಿಯ ನೆಲ ಬೆಚ್ಚಗಾಗುವುದಿಲ್ಲ. ನಮ್ಮ ಮನೆಯಲ್ಲಿ ಪ್ರತಿಯೊಂದು ಬಾಯಿಗೂ ಗಟ್ಟಿ ಫೋಮ್ ಹಲಗೆಯ ತುಂಡು ಕತ್ತರಿಸಿಟ್ಟು ಅಂಚುಗಳನ್ನು ಮುಚ್ಚಿದರು. ನಾವು ಬೆಲೆ ಕೇಳಿದ ಮತ್ತೊಬ್ಬ ಗುತ್ತಿಗೆದಾರರ ಪಟ್ಟಿಯಲ್ಲಿ ಈ ಕೆಲಸದ ಪ್ರಸ್ತಾಪವೇ ಇರಲಿಲ್ಲ, ಅವರ ಬೆಲೆ ಕಡಿಮೆಯಾಗಿದ್ದುದಕ್ಕೆ ಮುಖ್ಯ ಕಾರಣವೂ ಅದೇ ಆಗಿತ್ತು.

ಸೂರಿನ ಕಿಂಡಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಹಂಚಿನ ಸಂದಿನಿಂದ ಗಾಳಿಯಾಡುವ ಮನೆಗಳಲ್ಲಿ ಬೆಳೆದು ಇಲ್ಲಿಗೆ ಬಂದ ನಮ್ಮವರಲ್ಲಿ ಕೆಲವರು ಚಳಿ ಒಳಬರುತ್ತದೆಂದು ಈ ಕಿಂಡಿಗಳಿಗೆ ಬಟ್ಟೆ ತುರುಕುವುದನ್ನು ಕಂಡಿದ್ದೇನೆ. ಇನ್ಸುಲೇಷನ್‌ನ ಮೇಲಿನ ಅಟ್ಟ ತಣ್ಣಗಿರುವುದೇ ಸರಿ. ಸೂರಿನಿಂದ ಬಂದ ಗಾಳಿ ಮಾಡಿನ ನೆತ್ತಿಯಿಂದ ಹೊರಟರೆ ಒಳಗಿನಿಂದ ಬಂದ ತೇವ ಮೊಳೆಗಳ ತುದಿಯಲ್ಲಿ ಮಂಜಾಗಿ ಕೂರುವುದಿಲ್ಲ. ಆದ್ದರಿಂದ ಊದುವ ಮೊದಲು ಪ್ರತಿ ಕಿಂಡಿಯ ಮೇಲೂ ಗಾಳಿಗೆ ದಾರಿ ಬಿಡುವ ಬಾಗಿದ ಹಲಗೆ ಹೊಡೆಯಬೇಕು, ಇಲ್ಲದಿದ್ದರೆ ಸೆಲ್ಯುಲೋಸ್ ಜಾರಿ ಕಿಂಡಿ ಮುಚ್ಚಿಹೋಗುತ್ತದೆ.

ಎರಡನೆಯ ದಿನ ಊದುವ ಕೆಲಸ ನಡೆಯಿತು. ಲಾರಿಯಲ್ಲಿರುವ ಯಂತ್ರದ ಬಾಯಿಗೆ ಚೀಲ ಸುರಿಯುತ್ತಾ ಹೋದರೆ ಅದು ಗಂಟುಗಳನ್ನು ಬಿಡಿಸಿ ದಪ್ಪ ಮೆದುಗೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಸಮತಟ್ಟಾದ ಅಟ್ಟಕ್ಕೆ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಇಳಿಜಾರು ಛಾವಣಿಯ ಸಂದುಗಳಿಗೆ ಮಾತ್ರ ಬೇರೆ ವಿಧಾನ ಬೇಕು: ಘನ ಅಡಿಗೆ ಸುಮಾರು 3.5 ಪೌಂಡ್‌ನಷ್ಟು ದಟ್ಟವಾಗಿ ಒತ್ತಿ ತುಂಬಬೇಕು. ಐದೂವರೆ ಅಂಗುಲದ ಸಂದಿನಲ್ಲಿ ಎಷ್ಟು ಒತ್ತಿದರೂ ಸುಮಾರು ಆರ್-20ಕ್ಕಿಂತ ಹೆಚ್ಚು ಸಿಗುವುದಿಲ್ಲ. ಈ ಮನೆಗಳ ಸ್ವರೂಪದಿಂದಲೇ ಬಂದ ಮಿತಿ ಇದು. ಊದಿಸುವುದರಿಂದ ಇಡೀ ಮಾಡಿಗೆ ಆರ್-60 ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಚೀಲಗಳನ್ನು ಎಣಿಸುವುದು ಗ್ರಾಹಕರ ಹಕ್ಕು. ಪ್ರತಿ ಚೀಲದ ಮೇಲೂ ಸಾವಿರ ಚದರ ಅಡಿಗೆ ಇಂಥ ಆರ್-ಮೌಲ್ಯ ಬೇಕಾದರೆ ಇಷ್ಟು ಚೀಲ ಎಂಬ ಪಟ್ಟಿಯಿರುತ್ತದೆ. ಬಳಸಿದ ಚೀಲಗಳ ಸಂಖ್ಯೆ, ವಿಸ್ತೀರ್ಣ, ದಪ್ಪ ಮತ್ತು ಆರ್-ಮೌಲ್ಯವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮವೇ ಹೇಳುತ್ತದೆ. ಸೆಲ್ಯುಲೋಸ್ ಕಾಲಕ್ರಮದಲ್ಲಿ ತಗ್ಗುತ್ತದೆ, ಸಡಿಲವಾಗಿ ಹರಡಿದಾಗ ಶೇ. 20ರವರೆಗೂ ತಗ್ಗಬಹುದು. ಗಾಳಿ ಹೆಚ್ಚಿಸಿ ಉಬ್ಬಿಸಿದರೆ ಅಳತೆಪಟ್ಟಿಯಲ್ಲಿ ಎತ್ತರ ಕಂಡರೂ ಪದಾರ್ಥ ಕಡಿಮೆಯಿರುತ್ತದೆ. ಚೀಲದ ಲೆಕ್ಕ ಮಾತ್ರ ಹಾಗೆ ಉಬ್ಬುವುದಿಲ್ಲ. ನಮಗೆ ಲೆಕ್ಕ ಸರಿಯಾಗಿಯೇ ಸಿಕ್ಕಿತು, ಖಾಲಿ ಚೀಲಗಳನ್ನೂ ತೋರಿಸಿದರು.

ಕೊರತೆಗಳೂ ಇದ್ದವು. ಅಟ್ಟದ ಬಾಗಿಲಿನ ಹಲಗೆಯ ಮೇಲೆ ಏನನ್ನೂ ಅಂಟಿಸದೆ ಹೊರಟಿದ್ದರು. 17 ಅಂಗುಲದ ಹೊದಿಕೆಯ ನಡುವೆ ಮುಕ್ಕಾಲು ಅಂಗುಲದ ಬರಿ ಮರ ಉಳಿಯುವುದು ಸಣ್ಣ ವಿಷಯವಲ್ಲ. ಹೇಳಿದ ಮೇಲೆ ಬಂದು ಫೋಮ್ ಹಲಗೆ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ ಸರಿಪಡಿಸಿದರು. ಬೂದು ಧೂಳು ಮೇಲಿನ ಕೋಣೆಯ ಬಟ್ಟೆಗಳಿಗೂ ಹರಡಿತು, ಮುಂಚಿತವಾಗಿ ಪ್ಲಾಸ್ಟಿಕ್ ಹೊದಿಸಲು ಹೇಳಿದ್ದರೆ ಚೆನ್ನಾಗಿತ್ತು.

ಕೆಲಸ ಮುಗಿದ ದಿನವೇ ನೆಲಮಾಳಿಗೆಯ ಗ್ಯಾಸ್ ವಾಟರ್ ಹೀಟರ್ ಪರೀಕ್ಷಿಸಿದ್ದು ಅವರ ಶ್ರೇಯಸ್ಸಿಗೆ ಸಲ್ಲುತ್ತದೆ. ಮನೆ ಬಿಗಿಯಾದಾಗ ಚಿಮಣಿಯಲ್ಲಿ ಮೇಲೇರಬೇಕಾದ ಹೊಗೆ ಹಿಂದಕ್ಕೆ ಸರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬಬಹುದು. ಈ ಪರೀಕ್ಷೆ ಮಾಡದ ಗುತ್ತಿಗೆದಾರರಿಗೆ ಕೆಲಸ ಕೊಡಬಾರದೆಂದೇ ನನ್ನ ಖಚಿತ ಅಭಿಪ್ರಾಯ.

ಫಲಿತಾಂಶ ಕಣ್ಣಿಗೆ ಕಾಣುವಂತಿದೆ. ಹಿಮ ಮಾಡಿನ ಮೇಲೆ ವಾರಗಟ್ಟಲೆ ಕರಗದೆ ಸಮನಾಗಿ ನಿಂತಿತು, ಸೂರಿನ ಗಡ್ಡೆ ಉತ್ತರದ ಇಳಿಜಾರಿನ ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಟ್ಟಿತು. ಮಕ್ಕಳ ಕೋಣೆಯ ನೆಲ ಬರಿಗಾಲಿನಲ್ಲಿ ನಡೆಯುವಷ್ಟು ಬೆಚ್ಚಗಿತ್ತು. ಗ್ಯಾಸ್ ಬಳಕೆಯೂ ತಗ್ಗಿದೆ, ಆದರೆ ಎರಡು ವರ್ಷಗಳ ಚಳಿ ಒಂದೇ ಸಮನಿರುವುದಿಲ್ಲವಾದ್ದರಿಂದ ಬಿಲ್ಲಿನ ಮೊತ್ತವನ್ನು ನೇರವಾಗಿ ಹೋಲಿಸಿ ಉಳಿತಾಯ ಹೇಳುವುದು ನ್ಯಾಯವಲ್ಲ.

ವೆಚ್ಚದಲ್ಲಿ ಹೆಚ್ಚುಕಡಿಮೆ ಅರ್ಧ ತೂತು ಮುಚ್ಚುವುದಕ್ಕೇ ಹೋಯಿತು. ಸಾಮಗ್ರಿಯ ಬೆಲೆಯ ಮೇಲೆ ಶೇ. 30ರಂತೆ ವರ್ಷಕ್ಕೆ 1200 ಡಾಲರ್‌ವರೆಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಕೊನೆಗೊಂಡಿದೆ. ಈಗ ಮಾಡಿಸುವವರು ಗ್ಯಾಸ್ ಕಂಪನಿಯ ರಿಯಾಯಿತಿಯನ್ನು ವಿಚಾರಿಸಬೇಕು. ಒಂದೇ ಅಂತಸ್ತಿನ, ನಿಂತು ಓಡಾಡಬಹುದಾದ ತೆರೆದ ಅಟ್ಟವಿರುವವರು ಅಂಗಡಿಯಿಂದ ಯಂತ್ರ ಬಾಡಿಗೆಗೆ ತಂದು ತಾವೇ ಊದಬಹುದು, ಒಳ್ಳೆಯ ಮುಖವಾಡ ಹಾಕಿಕೊಂಡು ಮೊದಲು ತೂತುಗಳನ್ನು ಮುಚ್ಚುವಷ್ಟು ತಾಳ್ಮೆಯಿದ್ದರೆ. ಇಳಿಜಾರು ಛಾವಣಿ, ಗಿಡ್ಡ ಗೋಡೆ, ಹಳೆಯ ಚಿಮಣಿ ಇರುವ ಮನೆಗಳಿಗೆ ನುರಿತವರೇ ಬೇಕು. ಬೆಲೆಪಟ್ಟಿಯಲ್ಲಿ ಗಾಳಿ ತಡೆಯುವ ಕೆಲಸಕ್ಕೆ ಪ್ರತ್ಯೇಕ ಸಾಲು ಇದೆಯೇ, ಕೆಲಸದ ನಂತರ ಬ್ಲೋವರ್ ಡೋರ್ ಅಳತೆ ಕೊಡುತ್ತಾರೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ.