ಮೊಸರು: ಕಪ್ಪಿನಲ್ಲಿ ಅಳೆಯುವುದೋ, ತೂಗುವುದೋ?

100 ಮಿ.ಲೀ. ಸಾದಾ ಮೊಸರು ಸುಮಾರು 103 ಗ್ರಾಂ ತೂಗುತ್ತದೆ. ಮಿ.ಲೀ. ಅನ್ನು 1.03ರಿಂದ ಗುಣಿಸಿದರೆ ಗ್ರಾಂ, ಗ್ರಾಂ ಅನ್ನು ಅದರಿಂದಲೇ ಭಾಗಿಸಿದರೆ ಮಿ.ಲೀ. 500 ಗ್ರಾಂ ಡಬ್ಬಿಯಲ್ಲಿರುವುದು ಸುಮಾರು 485 ಮಿ.ಲೀ. ಲೆಕ್ಕ ಇಷ್ಟೇ, ಅಳತೆ ಕೆಡುವುದು ಅಳೆಯುವ ಪಾತ್ರೆಯಲ್ಲಿ.

ಮೊದಲು ಕಪ್ಪು. ಅಮೆರಿಕದ ಕಪ್ಪು 237 ಮಿ.ಲೀ., ಮೆಟ್ರಿಕ್ ಕಪ್ಪು 250, ಜಪಾನಿನದು 200. ಅಂದರೆ 'ಒಂದು ಕಪ್ಪು ಮೊಸರು' ಕ್ರಮವಾಗಿ ಸುಮಾರು 245, 258 ಮತ್ತು 206 ಗ್ರಾಂ. ಸಾರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಕೇಕಿನ ಹಿಟ್ಟಿಗೆ 50 ಗ್ರಾಂ ಹೆಚ್ಚಾದರೆ ನಡು ಬೇಯದೆ ಹಸಿಯಾಗಿಯೇ ಉಳಿಯುತ್ತದೆ. ಪಾಕವಿಧಾನ ಯಾವ ದೇಶದ್ದೆಂದು ನೋಡದೆ ಕಪ್ಪಿಗೆ ಕೈ ಹಾಕಬೇಡಿ.

ಕಪ್ಪು ಸರಿಯಿದ್ದರೂ ಗಟ್ಟಿ ಮೊಸರು ಗಡ್ಡೆಗಡ್ಡೆಯಾಗಿ ಬಿದ್ದು ನಡುವೆ ಪೊಳ್ಳು ಬಿಡುತ್ತದೆ. ತುಂಬಿದಂತೆ ಕಂಡರೂ ತೂಕ ಕಡಿಮೆ. ಮೊದಲು ಚಮಚದಿಂದ ಎಂಟು-ಹತ್ತು ಸುತ್ತು ನಿಧಾನವಾಗಿ ಕಲಸಿ, ಕಪ್ಪನ್ನು ಒಂದೆರಡು ಬಾರಿ ತಟ್ಟಿ, ಮೇಲ್ಭಾಗವನ್ನು ಚಾಕುವಿನ ಬೆನ್ನಿನಿಂದ ಸವರಿ. ಜೋರಾಗಿ ಕಡೆದರೆ ಗಾಳಿ ಸೇರಿ ಮತ್ತೆ ಹಗುರವಾಗುತ್ತದೆ. ಸುರಿದ ಮೇಲೆ ಗೋಡೆಗೆ ಅಂಟಿದ್ದನ್ನು ರಬ್ಬರ್ ಸೌಟಿನಿಂದ ಕೆರೆಯಲೇಬೇಕು. ಗೆರೆ ಹಾಕಿದ ಜಗ್ಗು ನೀರು ಮೊಸರಿಗೆ ಸರಿ. ಗಟ್ಟಿ ಮೊಸರಿಗೆ ಅದು ಸಲ್ಲದು, ಮೇಲ್ಮೈ ಸಮವಾಗಿ ನಿಲ್ಲದ್ದರಿಂದ ಯಾವ ಗೆರೆ ಎಂದು ಓದುವುದೇ ಕಷ್ಟ.

ಚಮಚದ ಅಳತೆಯಲ್ಲಿ, ಸಮ ಮಾಡಿದ 15 ಮಿ.ಲೀ. ಟೇಬಲ್ ಚಮಚ ಸುಮಾರು 15 ಗ್ರಾಂ. ಗೋಪುರದಂತೆ ತುಂಬಿದರೆ ಅದು ಎರಡರಷ್ಟಾದರೂ ಆಶ್ಚರ್ಯವಿಲ್ಲ. ಆಸ್ಟ್ರೇಲಿಯದ ಟೇಬಲ್ ಚಮಚವಂತೂ 20 ಮಿ.ಲೀ.

ಡಿಜಿಟಲ್ ತಕ್ಕಡಿ ಈ ತಾಪತ್ರಯಗಳನ್ನೆಲ್ಲ ಒಟ್ಟಿಗೆ ಕಳೆಯುತ್ತದೆ. ಪೊಳ್ಳಿರಲಿ, ಗಾಳಿಯಿರಲಿ, ಗ್ರಾಂ ಬದಲಾಗದು. ನಮಗೆ ಅತಿ ಹಿಡಿಸಿದ ಕ್ರಮ ಇದು: ಮೊಸರಿನ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ತೆಗೆದು ಹಿಟ್ಟಿಗೆ ಹಾಕಿ, ಚಮಚವನ್ನು ಡಬ್ಬಿಯೊಳಗೇ ಒರೆಸಿ. ತಕ್ಕಡಿ ತೋರಿಸುವ ಋಣ ಸಂಖ್ಯೆಯೇ ನೀವು ತೆಗೆದ ತೂಕ. ತೊಳೆಯಲು ಕಪ್ಪೂ ಇಲ್ಲ. ಒಂದು ಎಚ್ಚರಿಕೆ: ತಕ್ಕಡಿಯ 'ಮಿ.ಲೀ.' ಗುಂಡಿ ನೀರಿನ ಲೆಕ್ಕದ್ದಾಗಿದ್ದರೆ ಗ್ರಾಂ ಅನ್ನೇ ಮಿ.ಲೀ. ಎಂದು ತೋರಿಸುತ್ತದೆ. ಅದನ್ನು ಬಿಟ್ಟು ಗ್ರಾಂನಲ್ಲೇ ತೂಗಿ.

ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿನ ವಿಷಯದಲ್ಲಿ ಮಾತ್ರ ತಕ್ಕಡಿಯೊಂದೇ ಸಾಲದು. ಸಮನಾಗಿ ಒತ್ತಿ ತುಂಬಿದರೆ ಒಂದು ಕಪ್ಪು ಬಸಿದ ಮೊಸರು, ಒಂದು ಕಪ್ಪು ಸಾದಾ ಮೊಸರು ತೂಕದಲ್ಲಿ ಹೆಚ್ಚುಕಡಿಮೆ ಒಂದೇ. ಒಳಗಿನ ನೀರಿನಂಶ ಬೇರೆ. ಹಾಗಾಗಿ ಸಾದಾ ಮೊಸರಿನ ಬದಲು ಬಸಿದದ್ದನ್ನು ಹಾಕಿದರೆ, ತೂಕ ಸರಿಯಿದ್ದೂ ಹಿಟ್ಟು ಗಟ್ಟಿಯಾಗಬಹುದು. ಬಸಿಯುವ ಮೊದಲು, ಬಸಿದ ಮೇಲೆ ಎರಡೂ ಸಲ ತೂಗಿ. 500 ಗ್ರಾಂ ಮೊಸರು 250ಕ್ಕೆ ಇಳಿದಿದ್ದರೆ, ಅದರಲ್ಲಿ 125 ಗ್ರಾಂಗೆ ಬಸಿದ ನೀರನ್ನೇ 125 ಗ್ರಾಂ ಬೆರೆಸಿದಾಗ ಮತ್ತೆ 250 ಗ್ರಾಂ ಸಾದಾ ಮೊಸರು. ಅದಕ್ಕೇ ಬಸಿದ ನೀರನ್ನು ಅಡುಗೆ ಮುಗಿಯುವವರೆಗೆ ಚೆಲ್ಲಬೇಡಿ.